ನಕ್ಷೆಯಲ್ಲಿಯೇ ನಿಂತ ಹೊಗೆಬಂಡಿಯ ಹಾದಿ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಗೆ ಸಮೀಪದ ರೈಲು ನಿಲ್ದಾಣ ಯಾವುದೆಂದು ವಿಚಾರಿಸಿದರೆ ಎಲ್ಲರಿಂದಲೂ ಒಂದೇ ಉತ್ತರ ಬರುವುದು ಕಷ್ಟ. ಒಬ್ಬರು ಹಾಸನವೆನ್ನಬಹುದು, ಮತ್ತೊಬ್ಬರು ಸಕಲೇಶಪುರವೆನ್ನಬಹುದು, ಈಚಿನವರು ಚಿಕ್ಕಮಗಳೂರೆಂದಾರು. ಹಿಂದಿನ ಕಾಲದವರಿಗೆ ರೈಲೆಂದರೆ ಅರಸೀಕೆರೆ ಅಥವಾ ಬಾಣಾವರ. ಯಾವುದನ್ನು ಹೇಳಿದರೂ ನಡುವೆ ರಸ್ತೆಯ ಪ್ರಯಾಣ ತಪ್ಪಿದ್ದಲ್ಲ. ಬೇಲೂರು, ಹಳೇಬೀಡುಗಳ ಹೆಸರನ್ನು ಅರಿಯದವರು ವಿರಳ. ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯವರು ಅಲ್ಲಿಯ ದೇವಾಲಯಗಳನ್ನು ಸೋಮನಾಥಪುರದ ದೇವಾಲಯದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಇಷ್ಟಾದರೂ ಆ ಎರಡು ಊರುಗಳ ಬಾಗಿಲಿಗೆ ರೈಲು ಬಂದಿಲ್ಲ.

ರೈಲಿನ ಯೋಚನೆಯೇ ಆ ಸೀಮೆಯವರಿಗೆ ಹೊಳೆದಿರಲಿಲ್ಲವೆಂದು ಇದರಿಂದ ತಿಳಿಯಬಾರದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ದಶಕಗಳಲ್ಲಿಯೇ, ಅರಸೀಕೆರೆಯಿಂದ ಹೊರಟು ಹಾಸನವನ್ನು ಹಾದು, ಪಶ್ಚಿಮ ಘಟ್ಟವನ್ನಿಳಿದು ಮಂಗಳೂರನ್ನು ಸೇರುವ ಒಂದು ದಾರಿಯ ಪ್ರಸ್ತಾಪ ಎದ್ದಿದ್ದಿತು. ಅದರ ಅಳತೆಯೂ ನಡೆದು ಸರ್ಕಾರಿ ಗ್ರಂಥಗಳಲ್ಲಿ ದಾಖಲಾಯಿತು. ರಾಣಿ ೧೯೦೧ರಲ್ಲಿ ತೀರಿಕೊಂಡರು. ದಾರಿಯು ಮಾತ್ರ ಕಾಗದವನ್ನು ಬಿಟ್ಟು ಇಳಿಯಲಿಲ್ಲ. ಏಕೆಂದು ಕೇಳಿದರೆ, "ಘಟ್ಟ ಕಡಿದಾಗಿದ್ದಿತು, ಆದ್ದರಿಂದ ಆಗಲಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮಗೆ ಈ ಉತ್ತರ ಅರೆಪಾಲು ಮಾತ್ರ ನಿಜವೆಂದು ತೋರುತ್ತದೆ. ಬೆಟ್ಟಕ್ಕಿಂತ ಹೆಚ್ಚಾಗಿ ಆ ದಾರಿಗೆ ಅಡ್ಡ ನಿಂತವು ಬಡ್ಡಿಯ ಲೆಕ್ಕ, ಸರಕಿನ ತೂಕ, ಮತ್ತು ಎರಡು ಸರ್ಕಾರಗಳ ನಡುವಣ ಎಲ್ಲೆ. ಇವು ಮೂರನ್ನೂ ಒಂದೊಂದಾಗಿ ನೋಡಿದರೆ ರೈಲುದಾರಿಗಳು ಹುಟ್ಟುವ ಬಗೆಯೂ ಹುಟ್ಟದೆಹೋಗುವ ಬಗೆಯೂ ತಕ್ಕಮಟ್ಟಿಗೆ ತಿಳಿಯುತ್ತವೆ.

ಮೊದಲು, ಅರಸೀಕೆರೆಗೆ ರೈಲು ಹೇಗೆ ಬಂದಿತೆಂಬುದನ್ನು ನೆನೆಯಬೇಕು. ಮೈಸೂರು ಸಂಸ್ಥಾನದೊಳಕ್ಕೆ ಹೊಗೆಬಂಡಿ ಕಾಲಿಟ್ಟದ್ದು ೧೮೬೪ರಲ್ಲಿ. ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮಾರ್ಗವಾಗಿ ಅದು ಬೆಂಗಳೂರಿನ ದಂಡಿನವರೆಗೆ ಬಂದು ಅಲ್ಲಿಯೇ ನಿಂತಿತು. ಹನ್ನೆರಡು ವರ್ಷಗಳ ಮೇಲೆ, ೧೮೭೬ರಲ್ಲಿ, ಮಳೆ ಹೋಯಿತು. ಮರುವರ್ಷವೂ ಕ್ಷಾಮ ಮುಂದುವರಿಯಿತು. ಹೊರಗಿನಿಂದ ಧಾನ್ಯ ರೈಲಿನಲ್ಲಿ ಬೆಂಗಳೂರನ್ನು ತಲಪುತ್ತಿದ್ದಿತು. ಆದರೆ ಅಲ್ಲಿಂದ ಒಳನಾಡಿಗೆ ಸಾಗಿಸಲು ಸಾಕಷ್ಟು ಬಂಡಿಗಳಿಲ್ಲ, ಬಂಡಿಗಳಿದ್ದರೆ ಎತ್ತುಗಳಿಗೆ ಮೇವಿಲ್ಲ. ಮೂಟೆಗಳು ಒಂದು ಕಡೆ ರಾಶಿಬಿದ್ದಿದ್ದಂತೆಯೇ ಜನ ಮತ್ತೊಂದು ಕಡೆ ಹಸಿದು ಸತ್ತರು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿದ್ದಿತು. ಈ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳ ದೀಪ ಆರಿದವೆಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯ ಕೆಲಸ ಹಸಿದವರಿಗೆ ಕೂಲಿ ಕೊಡುವುದಕ್ಕಾಗಿ ಆ ಕಾಲದಲ್ಲಿಯೇ ಮೊದಲಾಯಿತು; ೧೮೮೨ರಲ್ಲಿ ಮುಗಿಯಿತು. ಅಷ್ಟರೊಳಗೆ, ೧೮೮೧ರಲ್ಲಿ, ಸಂಸ್ಥಾನವು ಮಹಾರಾಜರ ಕೈಗೆ ಮರಳಿದ್ದಿತು. ದಿವಾನ್ ರಂಗಾಚಾರ್ಲು ಅವರು ತುಮಕೂರಿನ ಕಡೆಗೆ ದಾರಿಯನ್ನು ಎಳೆಯಿಸಲು ತೊಡಗಿದರು. ೧೮೮೪ರಲ್ಲಿ ಅದು ಗುಬ್ಬಿಯನ್ನು ಮುಟ್ಟಿತು. ಮುಂದಕ್ಕೆ ಹಣವಿರಲಿಲ್ಲ. ೧೮೮೬ರಲ್ಲಿ ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕಟ್ಟಿದ ದಾರಿಯನ್ನೂ ಕಟ್ಟಬೇಕಾದ ದಾರಿಯನ್ನೂ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿ, ಲಂಡನ್ನಿನಲ್ಲಿ ೧೨ ಲಕ್ಷ ಪೌಂಡು ಸಾಲವೆತ್ತಲಾಯಿತು. ೧೮೮೯ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ಕಂಬಿ ಬಿದ್ದಿತು. ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು ಮೊದಲಾದ ಊರುಗಳಿಗೆ ಹೊಗೆಬಂಡಿಯ ದರ್ಶನವಾದದ್ದು ಹೀಗೆ.

ಈ ದಾರಿ ಹಾದುಹೋದ ನಾಡು ಎಂಥದೆಂಬುದನ್ನು ಗಮನಿಸಬೇಕು. ಅದೆಲ್ಲ ಬಯಲುಸೀಮೆ, ರಾಗಿ ಜೋಳ ಬೆಳೆಯುವ, ಮಳೆ ಕೈಕೊಟ್ಟರೆ ಮೊದಲು ಒಣಗುವ ಭೂಮಿ. ಇದು ಆಕಸ್ಮಿಕವಲ್ಲ. ಕ್ಷಾಮದ ಅನಂತರ ಇಂಡಿಯಾ ಸರ್ಕಾರದವರು ನೇಮಿಸಿದ ಕ್ಷಾಮ ಸಮಿತಿ ೧೮೮೦ರಲ್ಲಿ ವರದಿ ಕೊಟ್ಟಿತು. ಕ್ಷಾಮಪೀಡಿತ ಪ್ರದೇಶಗಳಿಗೆ ರೈಲುದಾರಿಗಳನ್ನು ಹಾಕುವುದು ಅತ್ಯಗತ್ಯವೆಂಬುದು ಆ ವರದಿಯ ಮುಖ್ಯ ಸಲಹೆಗಳಲ್ಲಿ ಒಂದು. ಅಂದಿನಿಂದ ರೈಲುದಾರಿಗಳಲ್ಲಿ ಎರಡು ಬಗೆಯೆಂಬ ಎಣಿಕೆ ಬಳಕೆಗೆ ಬಂದಿತು. ಒಂದು, ರಕ್ಷಕವಾದದ್ದು: ಲಾಭ ಬಾರದಿದ್ದರೂ ಬರಗಾಲದಲ್ಲಿ ಜೀವವುಳಿಸುವುದೆಂಬ ಕಾರಣದಿಂದ ಅದನ್ನು ಹಾಕಬಹುದು. ಮತ್ತೊಂದು, ಲಾಭದಾಯಕವಾದದ್ದು: ಹಾಕಿದ ಬಂಡವಾಳದ ಬಡ್ಡಿಯನ್ನು ತಾನೇ ದುಡಿದುಕೊಳ್ಳುವುದೆಂಬ ಭರವಸೆ ಇದ್ದರೆ ಅದನ್ನು ಹಾಕಬಹುದು.

ಮಲೆನಾಡಿನ ಗ್ರಹಚಾರವನ್ನು ಇಲ್ಲಿ ನೋಡಬೇಕು. ಬೇಲೂರಿನ ಪಡುವಣಕ್ಕೂ ಮಂಜರಾಬಾದಿನ ಕಡೆಗೂ ಮಳೆ ತಪ್ಪುವುದು ಅಪರೂಪ. ಗದ್ದೆಯ ಬತ್ತವೂ ಇದ್ದಿತು. ಆದಕಾರಣ ಆ ನಾಡನ್ನು ಕ್ಷಾಮದಿಂದ ರಕ್ಷಿಸಬೇಕಾಗಿದೆ ಎಂದು ಯಾರೂ ವಾದಿಸುವಂತಿರಲಿಲ್ಲ. ವರುಣನ ಕೃಪೆಯೇ ರೈಲಿಗೆ ಅಡ್ಡಿಯಾಯಿತೆಂದರೆ ವಿಚಿತ್ರವಾಗಿ ಕೇಳಬಹುದು. ಆದರೂ ಸರ್ಕಾರದ ಕಡತದಲ್ಲಿ ಅರಸೀಕೆರೆಗೆ ಇದ್ದ ಹಕ್ಕು ಬೇಲೂರಿಗೆ ಇರಲಿಲ್ಲ. ಮಲೆನಾಡಿನ ದಾರಿ ಎರಡನೆಯ ಬಾಗಿಲಿನಿಂದಲೇ ಒಳಕ್ಕೆ ಬರಬೇಕಾಗಿದ್ದಿತು, ಎಂದರೆ ಲಾಭವನ್ನು ತೋರಿಸಬೇಕಾಗಿದ್ದಿತು.

ಲಾಭವನ್ನು ತೋರಿಸುವುದೆಂದರೇನು? ಇಂಜಿನಿಯರುಗಳು ಮೊದಲು ಕುದುರೆಯ ಮೇಲೆ ನಾಡನ್ನು ಸುತ್ತಿ, ಹಳ್ಳ ದಿಣ್ಣೆಗಳನ್ನು ನೋಡಿ, ಒಂದು ಅಂದಾಜಿನ ಗೆರೆಯನ್ನು ಗೊತ್ತುಮಾಡುತ್ತಾರೆ. ಬಳಿಕ ಸರಪಣಿ ಹಿಡಿದು, ಮಟ್ಟ ನೋಡಿ, ಎಲ್ಲಿ ಮಣ್ಣು ಕಡಿಯಬೇಕು, ಎಲ್ಲಿ ತುಂಬಬೇಕು, ಎಲ್ಲಿ ಸೇತುವೆ, ಎಲ್ಲಿ ಸುರಂಗ ಎಂಬುದನ್ನು ಬರೆದುಕೊಳ್ಳುತ್ತಾರೆ. ಇವುಗಳಿಂದ ಖರ್ಚಿನ ಅಂದಾಜುಪಟ್ಟಿ ಸಿದ್ಧವಾಗುತ್ತದೆ. ಅದರ ಜೊತೆಗೆ ವರಮಾನದ ಪಟ್ಟಿಯೊಂದು ಬೇಕು: ಆ ದಾರಿಯಲ್ಲಿ ಎಷ್ಟು ಸರಕು, ಎಷ್ಟು ಜನ ಹೋಗಿಬರುವರು? ಇದಕ್ಕಾಗಿ ಸುಂಕದ ಕಟ್ಟೆಗಳ ಲೆಕ್ಕವನ್ನು ನೋಡುವುದುಂಟು, ರಸ್ತೆಯ ಬದಿಯಲ್ಲಿ ಆಳುಗಳನ್ನು ಕೂರಿಸಿ ಬಂಡಿಗಳನ್ನು ಎಣಿಸುವುದೂ ಉಂಟು. ಈ ಎರಡು ಪಟ್ಟಿಗಳ ನಡುವೆಯೇ ದಾರಿಯ ಹಣೆಯಬರಹ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಬಯಲಿನಲ್ಲಿ ಒಂದು ಮೈಲಿ ದಾರಿಗೆ ೬೦,೦೦೦ ರೂಪಾಯಿ ತಗಲುವುದೆಂದಿಟ್ಟುಕೊಳ್ಳೋಣ. ಶೇಕಡ ೪ರಂತೆ ಅದರ ಬಡ್ಡಿ ವರ್ಷಕ್ಕೆ ೨,೪೦೦ ರೂಪಾಯಿ. ಬಂಡಿಯನ್ನು ನಡೆಸುವುದಕ್ಕೆ ವರಮಾನದಲ್ಲಿ ಅರ್ಧ ಹೋಗುವುದೆಂದು ಹಿಡಿದರೆ, ಬಡ್ಡಿ ಹುಟ್ಟಬೇಕಾದರೆ ಆ ಒಂದು ಮೈಲಿಯಿಂದ ವರ್ಷಕ್ಕೆ ೪,೮೦೦ ರೂಪಾಯಿ, ಎಂದರೆ ವಾರಕ್ಕೆ ೯೨ ರೂಪಾಯಿ ಬರಬೇಕು. ಈಗ ಘಟ್ಟಕ್ಕೆ ಬನ್ನಿ. ಅಲ್ಲಿ ಒಂದು ಮೈಲಿಗೆ ಖರ್ಚು ಮೂರು ಪಾಲಾದರೆ ವಾರಕ್ಕೆ ೨೭೭ ರೂಪಾಯಿ ಬೇಕು. ಘಟ್ಟದಲ್ಲಿ ನಡುವೆ ಊರಿಲ್ಲ, ಸಂತೆಯಿಲ್ಲ, ಹತ್ತುವವರಿಲ್ಲ, ಇಳಿಯುವವರಿಲ್ಲ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹಾದುಹೋಗುವ ಸರಕೇ ಆ ಹೊರೆಯನ್ನೆಲ್ಲ ಹೊರಬೇಕು.

ಆ ಸರಕು ಯಾವುದು? ಕಾಫಿ ಎಂದು ಯಾರೂ ಹೇಳಬಲ್ಲರು. ಬಾಬಾಬುಡನ್ ಗಿರಿಯ ಕಡೆ ಕ್ಯಾನನ್ ಎಂಬಾತನು ೧೮೩೦ರ ಸುಮಾರಿಗೂ, ಮಂಜರಾಬಾದಿನಲ್ಲಿ ಗ್ರೀನ್ ಎಂಬಾತನು ೧೮೪೩ರಲ್ಲಿಯೂ ಯೂರೋಪಿಯನ್ನರ ತೋಟಗಳನ್ನು ಮೊದಲುಮಾಡಿದರು; ನಮ್ಮವರ ಹಿತ್ತಲುಗಳಲ್ಲಿ ಕಾಫಿಯ ಗಿಡ ಅದಕ್ಕೂ ಹಿಂದಿನದು. ಮೈಸೂರಿನ ಮಲೆನಾಡಿನ ಮತ್ತು ಕೊಡಗಿನ ಕಾಫಿಯ ಬಹುಭಾಗ ಎತ್ತಿನ ಬಂಡಿಗಳಲ್ಲಿ ಘಟ್ಟವನ್ನಿಳಿದು ಮಂಗಳೂರಿಗೆ ಹೋಗಿ, ಅಲ್ಲಿ ಸಂಸ್ಕಾರವಾಗಿ ಹಡಗನ್ನು ಹತ್ತುತ್ತಿದ್ದಿತು. ತೋಟಗಾರರು ರೈಲನ್ನು ಬಯಸಿದುದು ಸಹಜವೇ ಸರಿ.

ಆದರೆ ಕಾಫಿ ಬೆಲೆಯಲ್ಲಿ ದೊಡ್ಡದು, ತೂಕದಲ್ಲಿ ಚಿಕ್ಕದು. ರೈಲ್ವೆಗೆ ಕೂಲಿ ಹುಟ್ಟುವುದು ಮುಖ್ಯವಾಗಿ ತೂಕದಿಂದ. ಒಂದು ವರ್ಷದಲ್ಲಿ ಘಟ್ಟವನ್ನಿಳಿಯುವ ಕಾಫಿ ೫,೦೦೦ ಟನ್ನೆಂದು ಭಾವಿಸಿ, ಒಂದು ಗೂಡ್ಸ್ ಬಂಡಿ ೨೦೦ ಟನ್ನು ಹೊರುವುದೆಂದು ಎಣಿಸಿದರೆ, ೨೫ ಬಂಡಿಗಳಲ್ಲಿ ವರ್ಷದ ಬೆಳೆಯೆಲ್ಲ ಮುಗಿಯಿತು! ದಿನಕ್ಕೊಂದರಂತೆ ತಿಂಗಳೊಪ್ಪತ್ತಿನ ಕೆಲಸ. ಕುಯ್ಲು ಮುಗಿದ ಮೇಲೆ ಉಳಿದ ತಿಂಗಳುಗಳಲ್ಲಿ ಇಂಜಿನ್ನಿನ ಹೊಟ್ಟೆಗೆ ಏನು ಹಾಕುವುದು? ಮೇಲಕ್ಕೆ ಬರುವ ಉಪ್ಪು, ಹೆಂಚು, ಒಣಮೀನುಗಳಿಂದ ಘಟ್ಟದ ಸುರಂಗಗಳ ಬಡ್ಡಿ ತೀರುವಂತಿರಲಿಲ್ಲ. ಇದರ ಮೇಲೆ, ಆ ಶತಮಾನದ ಕೊನೆಯ ವರ್ಷಗಳಲ್ಲಿ ಬ್ರೆಜಿಲ್ ದೇಶದ ಕಾಫಿ ಲೋಕದ ಮಾರುಕಟ್ಟೆಯನ್ನೆಲ್ಲ ತುಂಬಿ ಬೆಲೆ ಕುಸಿಯಿತು. ರೈಲನ್ನು ಕೇಳುತ್ತಿದ್ದ ತೋಟಗಾರರ ದನಿಯ ಕಸುವೂ ಅದರೊಡನೆ ತಗ್ಗಿತೆಂದು ಊಹಿಸುವುದು ಕಷ್ಟವಲ್ಲ. ಹೋಲಿಕೆಗೆ ಕೋಲಾರದ ಚಿನ್ನದ ಗಣಿಗಳನ್ನು ನೋಡಬಹುದು. ಅಲ್ಲಿಂದ ಹೊರಕ್ಕೆ ಹೋಗುವ ಚಿನ್ನ ಒಂದು ಪೆಟ್ಟಿಗೆಯಲ್ಲಿ ಅಡಗೀತು. ಆದರೆ ಒಳಕ್ಕೆ ಬರಬೇಕಾದ ಕಲ್ಲಿದ್ದಲು, ಯಂತ್ರ, ಮರಮುಟ್ಟುಗಳ ತೂಕಕ್ಕೆ ಮಿತಿಯಿರಲಿಲ್ಲ. ೧೮೯೪ರಲ್ಲಿ ಅಲ್ಲಿಗೆ ರೈಲು ಹೋಯಿತು.

ಇನ್ನು ಘಟ್ಟದ ಮಾತು. ಸಕಲೇಶಪುರ ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ. ಘಟ್ಟದ ಬುಡ ೪೦೦ ಅಡಿಯ ಸುತ್ತಿನಲ್ಲಿ. ನಡುವೆ ಇಳಿಯಬೇಕಾದದ್ದು ೨,೬೦೦ ಅಡಿ. ಎತ್ತಿನ ಬಂಡಿ ಹತ್ತಬಲ್ಲ ಏರನ್ನು ಹೊಗೆಬಂಡಿ ಹತ್ತಲಾರದು. ನುಣುಪಾದ ಕಬ್ಬಿಣದ ಮೇಲೆ ನುಣುಪಾದ ಕಬ್ಬಿಣದ ಚಕ್ರ ಉರುಳುವುದರಿಂದಲೇ ರೈಲು ಹಗುರವಾಗಿ ಓಡುತ್ತದೆ. ಅದೇ ಕಾರಣದಿಂದಲೇ ಏರಿನಲ್ಲಿ ಅದರ ಹಿಡಿತ ಜಾರುತ್ತದೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯಬಹುದೆಂಬ ಕಟ್ಟನ್ನಿಟ್ಟುಕೊಂಡರೆ, ೨,೬೦೦ ಅಡಿ ಇಳಿಯಲು ೧,೩೦,೦೦೦ ಅಡಿ, ಎಂದರೆ ಸುಮಾರು ೨೫ ಮೈಲಿ ದಾರಿ ಬೇಕು. ನಿಲ್ದಾಣಗಳ ಮಟ್ಟಸವಾದ ನೆಲ, ತಿರುವುಗಳಲ್ಲಿ ಸಡಿಲಿಸಬೇಕಾದ ಇಳಿಜಾರು ಇವೆಲ್ಲ ಸೇರಿದರೆ ಇನ್ನೂ ಹೆಚ್ಚು. ಬೆಟ್ಟದ ಮೈಯನ್ನು ಬಳಸಿ ಬಳಸಿ ಇಷ್ಟು ಉದ್ದವನ್ನು ಹೊಂದಿಸಬೇಕು. ಹಳ್ಳ ಬಂದಲ್ಲಿ ಸೇತುವೆ, ಕೋಡು ಬಂದಲ್ಲಿ ಸುರಂಗ. ವರ್ಷಕ್ಕೆ ೨೦೦ ಅಂಗುಲದ ಸುತ್ತಿನ ಮಳೆ ಸುರಿಯುವ ಆ ಕಾಡಿನಲ್ಲಿ ಕಡಿದ ಮಣ್ಣು ನಿಲ್ಲುವುದೇ ಪ್ರಯಾಸ. ಕೂಲಿಗಳಿಗೆ ಚಳಿಜ್ವರದ ಕಾಟ ಬೇರೆ.

ಹಾಗೆಂದು ಇದು ಅಂದಿನ ಇಂಜಿನಿಯರುಗಳ ಕೈಮೀರಿದ ಕೆಲಸವಾಗಿರಲಿಲ್ಲ. ಬೊಂಬಾಯಿಯಿಂದ ಪುಣೆಗೆ ಹೋಗುವ ಬೋರ್ ಘಟ್ಟದ ದಾರಿಯನ್ನು ೧೮೬೩ರಷ್ಟು ಹಿಂದೆಯೇ ತೆರೆದಿದ್ದರು. ಅದು ೧೬ ಮೈಲಿಗೆ ಕಡಮೆಯ ದೂರದಲ್ಲಿ ೧,೮೩೧ ಅಡಿ ಏರುತ್ತದೆ. ಕೆಲವೆಡೆ ಅದರ ಏರು ೩೭ ಅಡಿಗೆ ಒಂದು ಅಡಿ. ನೇರವಾಗಿ ಹತ್ತಿಸಲಾಗದ ಒಂದು ಕಡೆಯಲ್ಲಂತೂ ಬಂಡಿಯನ್ನು ನಿಲ್ಲಿಸಿ, ಇಂಜಿನ್ನನ್ನು ಹಿಂದಣ ತುದಿಗೆ ಕಟ್ಟಿ, ಬಂದ ದಿಕ್ಕಿಗೇ ತಿರುಗಿಸಿ ಮೇಲಕ್ಕೆ ಒಯ್ಯುತ್ತಿದ್ದರು. ಸಾವಿರಾರು ಕೂಲಿಗಳು ಆ ಘಟ್ಟದಲ್ಲಿ ಜೀವ ಬಿಟ್ಟರು. ಬೋರ್ ಘಟ್ಟದ ಬುಡದಲ್ಲಿ ಬೊಂಬಾಯಿ ಇದ್ದಿತು, ನೆತ್ತಿಯ ಮೇಲೆ ದಖನ್ನಿನ ಹತ್ತಿ ಇದ್ದಿತು. ಆದ್ದರಿಂದ ಹಣ ಹುಟ್ಟಿತು. ನಮ್ಮ ಘಟ್ಟದ ಬುಡದಲ್ಲಿದ್ದುದು ಮಂಗಳೂರು.

ಮಂಗಳೂರಿಗೆ ಆಗ ಎರಡು ಕುಂದುಗಳಿದ್ದವು. ಒಂದು ಪ್ರಕೃತಿಯದು. ಹಳೆಯ ಬಂದರು ನದಿಯ ಬಾಯಲ್ಲಿದ್ದು, ಮರಳಿನ ದಿಬ್ಬ ಅಡ್ಡಬಂದಿದ್ದುದರಿಂದ ದೊಡ್ಡ ಹಡಗುಗಳು ಹೊರಗಡೆಯೇ ಲಂಗರು ಹಾಕಬೇಕಾಗಿದ್ದಿತು; ಮುಂಗಾರಿನ ತಿಂಗಳುಗಳಲ್ಲಿ ವ್ಯಾಪಾರವೇ ನಿಲ್ಲುತ್ತಿದ್ದಿತು. ಎರಡನೆಯದು ರಾಜಕೀಯದ್ದು. ಮಂಗಳೂರು ಮದರಾಸು ಅಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. ಮೈಸೂರಿಗೆ ಸಮುದ್ರತೀರವೇ ಇರಲಿಲ್ಲ. ಘಟ್ಟದ ಮೇಲಣ ದಾರಿಯನ್ನು ಮೈಸೂರು ತನ್ನ ಖರ್ಚಿನಿಂದ ಹಾಕಬೇಕು, ಕೆಳಗಿನ ದಾರಿಗೆ ಮದರಾಸಿನವರೂ ಇಂಡಿಯಾ ಸರ್ಕಾರದವರೂ ಒಪ್ಪಬೇಕು. ಕಡೆಗೆ ಬಂದರಿನ ಸುಂಕವೂ ಪಟ್ಟಣದ ಏಳ್ಗೆಯೂ ಮೈಸೂರಿನ ಬೊಕ್ಕಸಕ್ಕೆ ಸೇರುವಂತಿಲ್ಲ. ಮದುವೆಯ ವೆಚ್ಚವೆಲ್ಲ ಒಂದು ಮನೆಯದು, ಉಡುಗೊರೆಯೆಲ್ಲ ಇನ್ನೊಂದು ಮನೆಗೆ ಎಂದರೆ ಯಾವ ಹಿರಿಯನು ತಾನೆ ಮುಂದುವರಿದಾನು?

ಇದರ ನಡುವೆ ಸಮುದ್ರವನ್ನು ಮುಟ್ಟುವ ಬೇರೊಂದು ದಾರಿ ತೆರೆದುಬಿಟ್ಟಿತು. ಇಂಗ್ಲೆಂಡಿಗೂ ಪೋರ್ಚುಗಲ್ಲಿಗೂ ೧೮೭೮ರಲ್ಲಿ ನಡೆದ ಒಪ್ಪಂದದ ಫಲವಾಗಿ ಗೋವೆಯ ಮಾರ್ಮಗೋವಾ ಬಂದರಿನಿಂದ ಘಟ್ಟದ ನೆತ್ತಿಯ ಕ್ಯಾಸಲ್ ರಾಕಿನವರೆಗೆ ಮೀಟರ್ ಗೇಜಿನ ದಾರಿಯನ್ನು ಕಟ್ಟಿದರು; ೧೮೮೮ರಲ್ಲಿ ಅದು ಲೋಂಡಾ, ಧಾರವಾಡ, ಹುಬ್ಬಳ್ಳಿಗಳ ದಾರಿಯೊಡನೆ ಕೂಡಿಕೊಂಡಿತು. ಅದರ ಬಂಡವಾಳದ ಬಡ್ಡಿಗೆ ಪೋರ್ಚುಗೀಸ್ ಸರ್ಕಾರವೇ ಹೊಣೆ ನಿಂತಿದ್ದಿತು. ಮರುವರ್ಷ ಹರಿಹರದ ದಾರಿ ಮುಗಿದಾಗ ಅರಸೀಕೆರೆಯ ನಿಲ್ದಾಣದಲ್ಲಿ ತುಂಬಿದ ಮೂಟೆ ನಡುವೆ ಒಂದು ಕಡೆಯೂ ಬಂಡಿ ಬದಲಿಸದೆ ಮಾರ್ಮಗೋವಾದ ಕಟ್ಟೆಯನ್ನು ಸೇರಬಹುದಾಯಿತು. ಈ ಗೇಜಿನ ಮಾತು ಸಣ್ಣದಲ್ಲ. ಮದರಾಸಿನ ದಾರಿ ಐದೂವರೆ ಅಡಿ ಅಗಲದ ಬ್ರಾಡ್ ಗೇಜು; ಮೈಸೂರಿನವು, ಲಾರ್ಡ್ ಮೇಯೋ ೧೮೭೦ರಲ್ಲಿ ಮಾಡಿದ ತೀರ್ಮಾನವನ್ನನುಸರಿಸಿ ಮೂರು ಅಡಿಗಿಂತ ಸ್ವಲ್ಪ ಹೆಚ್ಚು ಅಗಲದ ಮೀಟರ್ ಗೇಜು. ಬೆಂಗಳೂರಿನಲ್ಲಿ ಪ್ರತಿಯೊಂದು ಚೀಲವನ್ನೂ ಒಂದು ಬಂಡಿಯಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕು. ಮಾರ್ಮಗೋವಾದ ಕಡೆಗೆ ಆ ತೊಡಕೇ ಇಲ್ಲ.

ಅರಸೀಕೆರೆಯಿಂದ ಮಾರ್ಮಗೋವಾಕ್ಕೆ ರೈಲಿನಲ್ಲಿ ಸುಮಾರು ೩೧೦ ಮೈಲಿ. ಹಾಸನದ ಮೇಲೆ ಮಂಗಳೂರಿಗೆ ೧೫೦ ಮೈಲಿಗಿಂತ ಕಡಮೆ. ಅರ್ಧದಷ್ಟು ದೂರವೆಂಬುದು ರೈತನಿಗೂ ವರ್ತಕನಿಗೂ ಲಾಭ. ಆದರೆ ಮೈಸೂರಿನ ದಾರಿಗಳನ್ನು ನಡೆಸುತ್ತಿದ್ದವರು ಯಾರು? ಹುಬ್ಬಳ್ಳಿಯ ದಾರಿಯನ್ನೂ ನಡೆಸುತ್ತಿದ್ದ ಅದೇ ಕಂಪನಿ. ಸರಕು ಹೆಚ್ಚು ದೂರ ಹೋದಷ್ಟೂ ಕಂಪನಿಗೆ ಕೂಲಿ ಹ��ಚ್ಚು. ತನ್ನ ಉದ್ದದ ದಾರಿಯ ಸರಕನ್ನು ಗಿಡ್ಡ ದಾರಿಗೆ ಹರಿಯಿಸಲು ಕಂಪನಿಯವರು ಆತುರಪಡಬೇಕಾದ ಕಾರಣವೇನೂ ನಮಗೆ ಕಾಣುವುದಿಲ್ಲ.

ಸಂಸ್ಥಾನವೇ ಧೈರ್ಯಮಾಡಿ ಹಾಕಬಹುದಾಗಿದ್ದಿತಲ್ಲವೆ ಎಂದರೆ, ಬೊಕ್ಕಸದ ಸ್ಥಿತಿಯನ್ನು ನೋಡಬೇಕು. ೧೮೮೧ರಲ್ಲಿ ಮಹಾರಾಜರು ಪಡೆದ ಸಂಸ್ಥಾನದ ಮೇಲೆ ೮೦ ಲಕ್ಷ ರೂಪಾಯಿ ಕ್ಷಾಮದ ಸಾಲವಿದ್ದಿತು. ಬ್ರಿಟಿಷರಿಗೆ ಸಲ್ಲಬೇಕಾದ ವರ್ಷಾಶನದ ಪೊಗದಿಯನ್ನು ೨೪ ೧/೨ ಲಕ್ಷದಿಂದ ೩೫ ಲಕ್ಷಕ್ಕೆ ಏರಿಸಿದ್ದರು. ಆ ಹೆಚ್ಚಳವನ್ನು ೧೮೯೬ರವರೆಗೆ ತಡೆಹಿಡಿದುದಷ್ಟೇ ರಿಯಾಯಿತಿ. ರೈಲ್ವೆ ಸಾಲದ್ದು ಇನ್ನೊಂದು ಪಜೀತಿ. ೧೨ ಲಕ್ಷ ಪೌಂಡಿಗೆ ಶೇಕಡ ೪ರಂತೆ ವರ್ಷಕ್ಕೆ ೪೮,೦೦೦ ಪೌಂಡು ಬಡ್ಡಿ. ಅದನ್ನು ಲಂಡನ್ನಿನಲ್ಲಿ ಪೌಂಡಿನಲ್ಲಿಯೇ ಎಣಿಸಬೇಕು. ರೂಪಾಯಿಗೆ ೧೮ ಪೆನ್ನಿ ಬೆಲೆಯಿದ್ದಾಗ ಅದು ೬,೪೦,೦೦೦ ರೂಪಾಯಿ. ಬೆಳ್ಳಿಯ ಬೆಲೆ ಇಳಿಯುತ್ತ ೧೮೯೪–೯೫ರಲ್ಲಿ ರೂಪಾಯಿ ೧೩ ಪೆನ್ನಿಗೆ ಬಿದ್ದಿತು. ಅದೇ ಬಡ್ಡಿ ೮,೮೬,೦೦೦ ರೂಪಾಯಿ ಆಯಿತು. ಒಂದು ಗಜ ಕಂಬಿಯೂ ಹೆಚ್ಚಲಿಲ್ಲ, ಒಂದು ಪೈ ಹೊಸ ಸಾಲವೂ ಆಗಲಿಲ್ಲ. ಹೊರೆ ಮಾತ್ರ ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಬೆಳೆಯಿತು. ಒಮ್ಮೆ ಕೈ ಸುಟ್ಟುಕೊಂಡ ಮೇಲೆ, ಇದಕ್ಕಿಂತ ದುಬಾರಿಯಾದ ಘಟ್ಟದ ದಾರಿಗೆ ಮತ್ತೆ ಲಂಡನ್ನಿನ ಸಾಹುಕಾರರ ಬಳಿಗೆ ಹೋಗುವುದೆಂದರೆ ಸಾಮಾನ್ಯ ಎದೆಗಾರಿಕೆಯಲ್ಲ.

ಪ್ರಜಾಪ್ರತಿನಿಧಿ ಸಭೆಯಲ್ಲಿ ಊರೂರಿನವರು ಕೆರೆ, ರಸ್ತೆ, ರೈಲುಗಳಿಗಾಗಿ ಕೋರಿಕೆ ಸಲ್ಲಿಸುತ್ತಿದ್ದರು. ಶೇಷಾದ್ರಿ ಅಯ್ಯರವರು ಕೈಯಲ್ಲಿದ್ದ ಹಣವನ್ನು ಬೇರೆಡೆಗೆ ತಿರುಗಿಸಿದರು. ೧೮೯೮ರಲ್ಲಿ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಮೊದಲಾಯಿತು. ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ರಲ್ಲಿ ಕೋಲಾರದ ಗಣಿಗಳನ್ನು ತಲಪಿತು. ರೈಲಿನ ವಿಷಯದಲ್ಲಿ ಅವರ ಕಾಲದಲ್ಲಿ ಆದದ್ದು ನಂಜನಗೂಡಿನದು, ಹಿಂದೂಪುರದ ಕಡೆಯದು, ಚಿನ್ನದ ಗಣಿಯದು, ೧೮೯೯ರಲ್ಲಿ ಬೀರೂರು–ಶಿವಮೊಗ್ಗದ್ದು. ಎಲ್ಲವೂ ಬಯಲಿನವು, ಅಥವಾ ಸುಲಭವಾದ ನೆಲದವು. ನಮ್ಮ ಮಟ್ಟಿಗೆ, ದಿವಾನರ ಆಯ್ಕೆಯನ್ನು ದೂರಲಾರೆವು. ಘಟ್ಟದ ಸುರಂಗಕ್ಕೆ ಸುರಿದ ಹಣದಿಂದ ಶಿವನಸಮುದ್ರ ಆಗುತ್ತಿರಲಿಲ್ಲ. ಆದರೆ ಮಲೆನಾಡು ಕೊಟ್ಟ ಬೆಲೆಯನ್ನೂ ಮರೆಯಬಾರದು. ಬೇಲೂರಿನ ಕಡೆಯ ಒಂದು ಮೂಟೆ ಕಾಫಿ, ಒಂದು ಮೂಟೆ ಏಲಕ್ಕಿ ಮತ್ತೆ ಎಷ್ಟೋ ವರ್ಷ ಎತ್ತಿನ ಹೆಗಲಿನ ಮೇಲೆಯೇ ಪ್ರಯಾಣಮಾಡಿತು. ದಾರಿಯ ಖರ್ಚನ್ನು ಕೊಳ್ಳುವವನು ತನ್ನ ಗಂಟಿನಿಂದ ಕೊಡಲಿಲ್ಲ, ಬೆಳೆದವನ ಬೆಲೆಯಲ್ಲಿ ಹಿಡಿದುಕೊಂಡನು.

ಇಂಥ ಕಾಗದದ ದಾರಿ ಕನ್ನಡನಾಡಿನಲ್ಲಿ ಇದೊಂದೇ ಅಲ್ಲ. ಮೈಸೂರಿನಿಂದ ತಲಚೇರಿಗೆ, ಚಾಮರಾಜನಗರದ ಕಡೆಯಿಂದ ಸತ್ಯಮಂಗಲಕ್ಕೆ ಎಂದು ಎಳೆದ ಗೆರೆಗಳು ಹಲವು ಸಲ ಮೇಲೆದ್ದು ಮಲಗಿವೆ. ಎಲ್ಲಕ್ಕಿಂತ ಹಿರಿಯದು ಹುಬ್ಬಳ್ಳಿ–ಕಾರವಾರದ್ದು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ತಪ್ಪಿತು. ಅಲ್ಲಿಯ ವರ್ತಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿದ್ದಿತು. ಅದನ್ನು ಹಡಗಿಗೆ ಏರಿಸಲು ಕಾರವಾರವೇ ಸರಿಯಾದ ಬಂದರೆಂದು ಅವರು ಪಟ್ಟುಹಿಡಿದರು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಬೊಂಬಾಯಿ ಅಧಿಪತ್ಯಕ್ಕೆ ಸೇರಿಸಿದರು. ಎಲ್ಲೆಯ ಅಡ್ಡಿಯನ್ನು ಹೀಗೆ ಒಂದು ಕಾಗದದಿಂದ ನಿವಾರಿಸಿದುದನ್ನು ನೋಡಿದರೆ, ಮನಸ್ಸು ಮಾಡಿದಾಗ ಎಲ್ಲೆಗಳು ಎಷ್ಟು ಮೆತ್ತಗಾಗುತ್ತವೆಂಬುದು ತಿಳಿಯುತ್ತದೆ! ೧೮೬೪ರಲ್ಲಿ ಕಾರವಾರದ ಎದುರಿನ ದ್ವೀಪದ ಮೇಲೆ ದೀಪಸ್ತಂಭವೂ ಬೆಳಗಿತು. ೧೮೬೫ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಅಲ್ಲಿಯ ಹತ್ತಿ ಮರಳಿ ಬಂದಿತು. ರೈಲಿನ ಮಾತು ಕಡತಗಳಲ್ಲಿ ಕೆಲವು ವರ್ಷ ಓಡಾಡಿತು. ಕಡೆಗೆ ಮಾರ್ಮಗೋವಾದ ದಾರಿ ತೆರೆದು ಅದನ್ನೂ ನುಂಗಿತು. ದೀಪಸ್ತಂಭ ಮಾತ್ರ ಉಳಿಯಿತು. ೧೯೯೦ರ ದಶಕದಲ್ಲಿ ಹುಬ್ಬಳ್ಳಿ–ಅಂಕೋಲೆಯ ಹೆಸರಿನಲ್ಲಿ ಅದೇ ದಾರಿಗೆ ಮತ್ತೆ ಮಂಜೂರಾತಿ ದೊರೆತಿದೆ. ಈಗ ಅದನ್ನು ತಡೆದಿರುವುದು ಕಾಡಿನ ಮತ್ತು ವನ್ಯಮೃಗಗಳ ಪ್ರಶ್ನೆ. ವಿಕ್ಟೋರಿಯಾ ಕಾಲದ ಇಂಜಿನಿಯರಿಗೆ ಅದೊಂದು ಪ್ರಶ್ನೆಯೆಂದೇ ತೋರಿರಲಾರದು.

ಅರಸೀಕೆರೆಯ ಗೆರೆಗೆ ಮರಳೋಣ. ಮಂಗಳೂರಿಗೆ ರೈಲು ಬಂದದ್ದು ೧೯೦೭ರಲ್ಲಿ, ಅದೂ ಪೂರ್ವದ ಘಟ್ಟದಿಂದಲ್ಲ, ದಕ್ಷಿಣದ ಮಲೆಯಾಳ ಸೀಮೆಯ ಕರಾವಳಿಯಿಂದ. ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ಸಂಸ್ಥಾನದವರು ಹಾಕಿಸಿದ ದಾರಿ ೧೯೧೭–೧೮ರಲ್ಲಿ ತೆರೆಯಿತು. ಹಳೆಯ ಯೋಜನೆಯ ಮೊದಲ ತುಂಡು ಹೀಗೆ ಬೇರೊಂದು ಹೆಸರಿನಲ್ಲಿ ನೆರವೇರಿತು. ಆಗಿನ ದಿವಾನ್ ವಿಶ್ವೇಶ್ವರಯ್ಯನವರು ಸಂಸ್ಥಾನಕ್ಕೆ ಒಂದು ಬಂದರಿರಬೇಕೆಂದು ಭಟ್ಕಳದ ಕಡೆಗೆ ನೋಡುತ್ತಿದ್ದರು. ಅದೂ ಬೇರೆ ಸರ್ಕಾರದ ನೆಲವೇ. ಹಾಸನದಿಂದ ಪಡುವಲಿಗೆ ಮತ್ತೆ ಐವತ್ತು ವರ್ಷ ಕಂಬಿ ಬೀಳಲಿಲ್ಲ.

೧೯೫೬ರಲ್ಲಿ ಕನ್ನಡ ಸೀಮೆಗಳು ಒಂದಾದಾಗ ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯವಾಯಿತು. ಮಂಗಳೂರಿನ ಪಣಂಬೂರಿನಲ್ಲಿ ಎಲ್ಲ ಕಾಲದಲ್ಲಿಯೂ ಹಡಗು ನಿಲ್ಲುವ ಹೊಸ ಬಂದರಿನ ಯೋಜನೆ ಎದ್ದಿತು. ಆ ಬಂದರಿಗೆ ಒಳನಾಡಿನಿಂದ ಕಬ್ಬಿಣದ ಅದಿರು ಬರಬೇಕಾಗಿದ್ದಿತು. ಅದಿರು ಕಾಫಿಯಂತಲ್ಲ, ಬೆಲೆಯಲ್ಲಿ ಅಲ್ಪ, ತೂಕದಲ್ಲಿ ಭೂಮಿಯಷ್ಟು. ೧೯೬೦ರ ದಶಕದಲ್ಲಿ ಹಾಸನ–ಮಂಗಳೂರು ದಾರಿಯ ಕೆಲಸ ಹಿಡಿಯಲಾಯಿತು. ೧೯೭೬ರಲ್ಲಿ ಸಕಲೇಶಪುರದವರೆಗೆ, ೧೯೭೯ರಲ್ಲಿ ಮಂಗಳೂರಿನವರೆಗೆ ಬಂಡಿ ಓಡಿತು. ಒಟ್ಟು ೧೮೯ ಕಿಲೋಮೀಟರು. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ೫೫ ಕಿಲೋಮೀಟರು, ಎಂದರೆ ೩೪ ಮೈಲಿ, ಘಟ್ಟದ ದಾರಿ. ಅಲ್ಲಿ ೫೭ ಸುರಂಗಗಳು. ಏರಿನ ಕಟ್ಟು ನಾವು ಮೇಲೆ ಎಣಿಸಿದ್ದೇ, ಐವತ್ತಕ್ಕೆ ಒಂದು. ಬೆಟ್ಟ ಅಂದಿಗಿಂತ ಒಂದು ಅಂಗುಲವೂ ಸಣ್ಣದಾಗಿರಲಿಲ್ಲ. ಬದಲಾದದ್ದು ಸರಕಿನ ತೂಕ, ಬಂದರಿನ ಬಾಯಿ, ನಡುವಿನ ಎಲ್ಲೆ. ಆ ಮೀಟರ್ ಗೇಜನ್ನು ಬ್ರಾಡ್ ಗೇಜು ಮಾಡುವುದಕ್ಕಾಗಿ ೧೯೯೬ರಲ್ಲಿ ದಾರಿಯನ್ನು ಮುಚ್ಚಿ, ೨೦೦೭ರ ಕೊನೆಗೆ ಪ್ರಯಾಣಿಕರ ಬಂಡಿಯನ್ನು ಮತ್ತೆ ಬಿಟ್ಟದ್ದು ಬೇರೊಂದು ದೀರ್ಘ ಕಥೆ.

ಬೇಲೂರು, ಹಳೇಬೀಡುಗಳು ಈ ದಾರಿಯಿಂದಲೂ ಪಕ್ಕಕ್ಕೆ ಉಳಿದವು. ಅದರಿಂದ ಆದ ನಷ್ಟವನ್ನು ಹೇಳಿಯಾಯಿತು. ಒಂದು ಲಾಭವನ್ನೂ ಹೇಳಬಹುದೇನೋ. ಪಂಜಾಬಿನಲ್ಲಿ ಲಾಹೋರ್–ಮುಲ್ತಾನ್ ದಾರಿಯನ್ನು ಹಾಕಿದಾಗ ಕಂಬಿಯ ಕೆಳಗೆ ಹಾಸಲು ಹರಪ್ಪದ ದಿಬ್ಬಗಳ ಪ್ರಾಚೀನ ಇಟ್ಟಿಗೆಗಳನ್ನು ಅಗೆದು ಸುಮಾರು ೧೦೦ ಮೈಲಿಗೆ ಹರಡಿದರು. ಆ ಇಟ್ಟಿಗೆಗಳ ವಯಸ್ಸು ನಾಲ್ಕು ಸಾವಿರ ವರ್ಷಕ್ಕೆ ಮೀರಿದ್ದೆಂಬುದು ಆಗ ಯಾರಿಗೂ ತಿಳಿಯದು. ಹಳೇಬೀಡಿನ ಸುತ್ತಲೂ ಪಾಳುಬಿದ್ದ ಗುಡಿಗಳ ಕಲ್ಲುಗಳು ಚೆಲ್ಲಾಡಿದ್ದ ಕಾಲದಲ್ಲಿ, ಜಲ್ಲಿಗೆ ಕಲ್ಲು ಬೇಕಾದ ಕಂತ್ರಾಟುದಾರನೊಬ್ಬನು ದ್ವಾರಸಮುದ್ರದ ಕೆರೆಯ ಏರಿಯ ಮೇಲೆ ಬಿಡಾರ ಹೂಡದೆ ಇದ್ದುದು ನಮ್ಮ ಪುಣ್ಯವೆಂದೇ ಭಾವಿಸುತ್ತೇವೆ.

೧೯೯೦ರ ದಶಕದಲ್ಲಿ ಕಡೂರಿನಿಂದ ಚಿಕ್ಕಮಗಳೂರಿನ ಮೂಲಕ ಸಕಲೇಶಪುರಕ್ಕೆ ಒಂದು ದಾರಿ ಮಂಜೂರಾಯಿತು. ಅದರಲ್ಲಿ ಕಡೂರು–ಚಿಕ್ಕಮಗಳೂರು ಭಾಗ, ಸುಮಾರು ೪೬ ಕಿಲೋಮೀಟರು, ೨೦೧೩ರ ನವೆಂಬರಿನಲ್ಲಿ ತೆರೆಯಿತು. ಅಲ್ಲಿಂದ ಮುಂದಿನ ಗೆರೆಯನ್ನು ಸಕಲೇಶಪುರದ ಬದಲು ಬೇಲೂರಿನ ಮೇಲೆ ಹಾಸನಕ್ಕೆ ತಿರುಗಿಸುವ ಯೋಜನೆ ಬಂದಿದೆ. ಹಿಂದಿನ ಅಳತೆಗಾರರು ಬೇಲೂರಿನ ರಸ್ತೆಯಲ್ಲಿ ಕೂತಿದ್ದರೆ ಅವರು ಎಣಿಸಬೇಕಾಗಿದ್ದುದು ಕಾಫಿಯ ಬಂಡಿಗಳನ್ನು. ಈ ಸಲದ ಪಟ್ಟಿಯಲ್ಲಿ ಕಾಫಿಗೆ ಅಷ್ಟು ದೊಡ್ಡ ಸ್ಥಾನವಿರಲಾರದು, ಅದು ಲಾರಿಗಳ ಪಾಲಾಗಿ ಬಹುಕಾಲವಾಯಿತು; ಚೆನ್ನಕೇಶವನ ಗುಡಿಯ ಮುಂದೆ ನಿತ್ಯವೂ ಬಸ್ಸುಗಳಿಂದಲೂ ಮೋಟಾರುಗಳಿಂದಲೂ ಇಳಿಯುವ ಯಾತ್ರಿಕರನ್ನೇ ಎಣಿಸಬೇಕು.